ಕ್ಯಾಶ್ಮಿಯರ್ ಉಡುಪುಗಳನ್ನು ಬೆಂಗಳೂರಿನ ಮನೆಯಲ್ಲಿ ಒಗೆದು ಕಾಪಾಡುವ ಬಗೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಮೇಕೆಯ ತುಪ್ಪಳದ ಕ್ಯಾಶ್ಮಿಯರ್ ಸ್ವೆಟರಾಗಲಿ, ಅದರದೇ ನಯವಾದ ಬಗೆಯಾದ ಪಶ್ಮಿನಾ ಶಾಲಾಗಲಿ ಮೈಮೇಲೆ ಇರುವುದು ವರ್ಷದಲ್ಲಿ ಕೆಲವೇ ವಾರ. ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವದಲ್ಲಿ ಉಷ್ಣಾಂಶ 15–16 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಲಾಲ್‌ಬಾಗಿನ ವಾಕಿಂಗಿಗೆ, ಸಂಜೆಯ ಆರತಕ್ಷತೆಗೆ, ಏಸಿ ಜೋರಾಗಿರುವ ಕಚೇರಿಗೆ ಅದು ಹೊರಬರುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದರೆ ಮತ್ತೆ ಬೀರು ಸೇರುತ್ತದೆ. ಅಲ್ಲಿಂದ ಮುಂದೆ ಸುಮಾರು ಹತ್ತು ತಿಂಗಳನ್ನು, ಅದರಲ್ಲೂ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲವನ್ನು, ಅದು ಕತ್ತಲಲ್ಲಿ ಮಡಿಸಿಟ್ಟಂತೆಯೇ ಕಳೆಯಬೇಕು. ಆದ್ದರಿಂದ ನಮ್ಮ ಊರಿನಲ್ಲಿ ಕ್ಯಾಶ್ಮಿಯರ್ ಒಗೆಯುವುದು ನಾಳೆ ಮತ್ತೆ ತೊಡುವುದಕ್ಕಾಗಿ ಅಲ್ಲ, ಬಹುಕಾಲ ಎತ್ತಿಡುವುದಕ್ಕಾಗಿ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಯಾವಾಗ ಒಗೆಯಬೇಕು, ಎಷ್ಟು ಜಾಲಿಸಬೇಕು, ಎಷ್ಟು ದಿನ ಒಣಗಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸುಲಭವಾಗುತ್ತದೆ.

ಇಂಥ ಬಟ್ಟೆಯನ್ನು ಮನೆಯಲ್ಲಿ ಒಗೆಯಲೇಬಾರದು, ಡ್ರೈಕ್ಲೀನಿಂಗಿಗೆ ಕೊಡುವುದೊಂದೇ ದಾರಿ ಎಂದು ಹಲವರು ನಂಬಿದ್ದಾರೆ. ಒಂದೇ ಬಣ್ಣದ, ಕಸೂತಿಯಿಲ್ಲದ, ಒಳಪದರವಿಲ್ಲದ ಸ್ವೆಟರು, ಮಫ್ಲರು ಮತ್ತು ಶಾಲುಗಳ ಮಟ್ಟಿಗೆ ಇದು ನಿಜವಲ್ಲ. ಡ್ರೈಕ್ಲೀನಿಂಗಿನ ದ್ರಾವಕವು ಎಣ್ಣೆ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆಯಾದರೂ ಬೆವರಿನ ಉಪ್ಪಿನಂತಹ ನೀರಿನಲ್ಲಿ ಕರಗುವ ಕೊಳೆಯನ್ನು ಅಷ್ಟು ಪೂರ್ತಿಯಾಗಿ ತೆಗೆಯದು. ಬೀರುವಿನಲ್ಲಿ ಬಟ್ಟೆ ತಿನ್ನುವ ಹುಳುವನ್ನು ಮೊದಲು ಸೆಳೆಯುವುದು ಆ ಬೆವರಿನ ಶೇಷವೇ. ತಣ್ಣೀರು, ಸರಿಯಾದ ಸಾಬೂನು, ತಾಳ್ಮೆಯ ಕೈ, ಇಷ್ಟಿದ್ದರೆ ಮನೆಯ ಬಚ್ಚಲುಮನೆಯಲ್ಲಿಯೇ ಈ ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ.

ಎಳೆಯ ಸ್ವಭಾವವನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ

ಕ್ಯಾಶ್ಮಿಯರ್ ಎಂಬುದು ಕುರಿಯ ಉಣ್ಣೆಯಲ್ಲ, ಮೇಕೆಯ ಒಳತುಪ್ಪಳ. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಚಾಂಗ್‌ಪಾ ಪಶುಪಾಲಕರು ಸಾಕುವ ಮೇಕೆಗಳಿಗೆ ಒರಟಾದ ಹೊರಗೂದಲಿನ ಕೆಳಗೆ ಚಳಿಗಾಲದಲ್ಲಿ ಮೆತ್ತನೆಯ ತುಪ್ಪಳ ಬೆಳೆಯುತ್ತದೆ. ಚಳಿ ಇಳಿದು ಆ ತುಪ್ಪಳ ತಾನಾಗಿ ಸಡಿಲವಾಗುವ ಹೊತ್ತಿಗೆ ಅದನ್ನು ಬಾಚಿ ತೆಗೆಯುತ್ತಾರೆ. ಜಗತ್ತಿನ ಮಾರುಕಟ್ಟೆಗೆ ಬರುವ ಕ್ಯಾಶ್ಮಿಯರಿನ ಬಹುಪಾಲು ಚೀನಾ ಮತ್ತು ಮಂಗೋಲಿಯಾಗಳದ್ದು; ಲಡಾಖಿನ ಪಾಲು ಅತಿ ಕಡಿಮೆ, ಆದರೆ ಅತ್ಯಂತ ನಯವಾದ ಎಳೆಗಳಲ್ಲಿ ಅದೂ ಒಂದು. ಇದರ ಎಳೆ ಸಾಮಾನ್ಯವಾಗಿ 12ರಿಂದ 16 ಮೈಕ್ರಾನ್ ದಪ್ಪವಿರುತ್ತದೆ, ಎಂದರೆ ನಮ್ಮ ತಲೆಗೂದಲಿನ ದಪ್ಪದ ಐದರಲ್ಲಿ ಒಂದು ಪಾಲಿನಷ್ಟು. ನಮ್ಮ ದಖ್ಖನಿ ಕುರಿಯ ಉಣ್ಣೆಯಿಂದ ನೇಯ್ದ ಕಂಬಳಿಯ ಎಳೆ ಇದರ ಎರಡು ಪಟ್ಟಿಗೂ ಹೆಚ್ಚು ದಪ್ಪ. ಕಂಬಳಿಯನ್ನು ಹೊಳೆಯಲ್ಲಿ ಅದ್ದಿ ಬಂಡೆಗೆ ಬಡಿದರೂ ಅದು ತಡೆದುಕೊಳ್ಳುತ್ತದೆ. ಕ್ಯಾಶ್ಮಿಯರ್ ತಡೆದುಕೊಳ್ಳುವುದಿಲ್ಲ.

ಕಾರಣ ಹೀಗಿದೆ. ಕೂದಲು, ಉಗುರುಗಳಂತೆ ಈ ಎಳೆಯೂ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಹೊರಮೈಯಲ್ಲಿ ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಚಾಚಿಕೊಂಡ ಸೂಕ್ಷ್ಮ ಹಲ್ಲೆಗಳಿವೆ. ಎಳೆ ಒದ್ದೆಯಾಗಿ ಬಿಸಿಯಾದಾಗ, ಅಥವಾ ಕ್ಷಾರದ ಸಾಬೂನು ತಾಗಿದಾಗ, ಈ ಹಲ್ಲೆಗಳು ಮೇಲೇಳುತ್ತವೆ. ಆ ಸ್ಥಿತಿಯಲ್ಲಿ ಬಟ್ಟೆಯನ್ನು ಉಜ್ಜಿದರೆ ಒಂದೆಳೆಯ ಹಲ್ಲೆ ಇನ್ನೊಂದೆಳೆಯ ಹಲ್ಲೆಗೆ ಸಿಕ್ಕಿಕೊಂಡು ಮುಂದಕ್ಕೆ ಜರಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಬಟ್ಟೆ ಕುಗ್ಗಿ, ದಪ್ಪಗಟ್ಟಿ, ರಟ್ಟಿನಂತಾಗುವುದು ಹೀಗೆ. ಬಿಸಿ, ಕ್ಷಾರ ಮತ್ತು ಉಜ್ಜಾಟ, ಈ ಮೂರೂ ಒಟ್ಟಿಗೆ ಸೇರಿದಾಗ ಆಗುವ ಹಾನಿಗೆ ಪರಿಹಾರವಿಲ್ಲ. ಮುಂದೆ ಹೇಳುವ ಕ್ರಮವೆಲ್ಲವೂ ಈ ಮೂರನ್ನು ದೂರವಿಡುವ ಉಪಾಯವೇ ಆಗಿದೆ.

ನೀರಿಗೆ ಇಳಿಸುವ ಮುನ್ನ

ಮೊದಲು ಕೈಯಲ್ಲಿರುವುದು ಏನು ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೆಲವು ನೂರು ರೂಪಾಯಿಗೆ ಪಶ್ಮಿನಾ ಎಂದು ಮಾರುವ ಶಾಲುಗಳು ಸಾಮಾನ್ಯವಾಗಿ ಮರದ ತಿರುಳಿನಿಂದಾದ ವಿಸ್ಕೋಸ್ ಅಥವಾ ಕೃತಕ ನೂಲಾದ ಅಕ್ರಿಲಿಕ್‌ನವು. ಉಂಗುರದೊಳಗೆ ನುಸುಳಿದರೆ ಅಸಲಿ ಎಂಬ ಪರೀಕ್ಷೆಯನ್ನು ನೆಚ್ಚಬೇಡಿ. ತೆಳುವಾದ ವಿಸ್ಕೋಸ್ ಕೂಡ ಸರಾಗವಾಗಿ ನುಸುಳುತ್ತದೆ. ಅಂಚಿನಿಂದ ಸಡಿಲವಾದ ಒಂದೇ ಒಂದು ನೂಲನ್ನು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಿಗೆ ಪುಡಿಯಾದರೆ ಅದು ಪ್ರಾಣಿಜನ್ಯ ಎಳೆ. ಕಾಗದ ಸುಟ್ಟ ವಾಸನೆಯಾದರೆ ವಿಸ್ಕೋಸ್, ಕರಗಿ ಗಟ್ಟಿ ಉಂಡೆಯಾದರೆ ಕೃತಕ ನೂಲು. ಈ ಪರೀಕ್ಷೆ ಕ್ಯಾಶ್ಮಿಯರನ್ನು ಕುರಿಯುಣ್ಣೆಯಿಂದ ಬೇರ್ಪಡಿಸಿ ತೋರಿಸಲಾರದು, ಆದರೆ ಒಗೆಯುವ ಎಚ್ಚರಿಕೆ ಎರಡಕ್ಕೂ ಒಂದೇ ಆದ್ದರಿಂದ ನಮ್ಮ ಕೆಲಸಕ್ಕೆ ಅಷ್ಟು ಸಾಕು. ಕಾಶ್ಮೀರ ಪಶ್ಮಿನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೊಸದಾಗಿ ಕೊಳ್ಳುವವರು ಆ ಗುರುತಿನ ಪಟ್ಟಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಅನಂತರ ಒಳಹೊಲಿಗೆಯಲ್ಲಿರುವ ಲೇಬಲನ್ನು ಓದಿ. ನೀರಿನ ತೊಟ್ಟಿಯೊಳಗೆ ಕೈ ಅದ್ದಿದ ಚಿತ್ರವಿದ್ದರೆ ಕೈಯಿಂದ ಒಗೆಯಬಹುದು. ತೊಟ್ಟಿಯ ಮೇಲೆ ಕತ್ತರಿ ಗುರುತು (×) ಇದ್ದರೆ ನೀರು ತಾಗಿಸುವಂತಿಲ್ಲ. ಸೂಜಿಕೆಲಸದ ಶಾಲು, ಹಲವು ಬಣ್ಣದ ಕಾಶ್ಮೀರಿ ಕಾನಿ ನೇಯ್ಗೆ, ಒಳಪದರವಿರುವ ಕೋಟು, ಅಜ್ಜಿಯ ಕಾಲದಿಂದ ಬಂದ ಹಳೆಯ ಶಾಲು, ಇವು ನಾಲ್ಕನ್ನೂ ಮನೆಯಲ್ಲಿ ಒಗೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಸೂತಿಯ ರೇಷ್ಮೆದಾರ ಮತ್ತು ನೆಲದ ಬಟ್ಟೆ ಬೇರೆಬೇರೆಯಾಗಿ ಕುಗ್ಗುವುದರಿಂದ ಹೂಬಳ್ಳಿಗಳ ಸುತ್ತ ನೆರಿಗೆ ಬೀಳುತ್ತದೆ, ಅದನ್ನು ಇಸ್ತ್ರಿಯಿಂದಲೂ ಸರಿಪಡಿಸಲಾಗುವುದಿಲ್ಲ.

ಬಣ್ಣ ಬಿಡುತ್ತದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಒಳಗಿನ ಹೊಲಿಗೆಯ ಪಕ್ಕ ಕಾಣದ ಜಾಗವೊಂದನ್ನು ಸಾಬೂನು ಬೆರೆಸಿದ ನೀರಿನಿಂದ ಒದ್ದೆ ಮಾಡಿ, ಬಿಳಿಯ ಹತ್ತಿ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ಕಡುಗೆಂಪು, ಕಪ್ಪು ಮತ್ತು ನೀಲಿ ಬಣ್ಣದವು ಮೊದಲ ಬಾರಿ ಸ್ವಲ್ಪ ಬಣ್ಣ ಬಿಡುವುದುಂಟು. ತೆಳುವಾಗಿ ಮಾತ್ರ ಬಿಟ್ಟರೆ ಬೇರೆ ಬಟ್ಟೆಯೊಂದಿಗೆ ಸೇರಿಸದೆ ಒಂಟಿಯಾಗಿ ಒಗೆಯಿರಿ. ಬಿಳಿಯ ಬಟ್ಟೆ ಪೂರ್ತಿ ಬಣ್ಣ ಹೀರಿದರೆ ಒಗೆಯುವ ಯೋಚನೆಯನ್ನೇ ಬಿಟ್ಟುಬಿಡಿ.

ಸ್ವೆಟರಾದರೆ ಇನ್ನೊಂದು ಕೆಲಸ ಬಾಕಿಯಿದೆ. ಒಗೆಯುವ ಮುನ್ನ ಒಣ ಸ್ವೆಟರನ್ನು ಹಳೆಯ ದಿನಪತ್ರಿಕೆಯ ಬದಲು ಅಚ್ಚಿಲ್ಲದ ದೊಡ್ಡ ಹಾಳೆಯ ಮೇಲೆ ಚಪ್ಪಟೆಯಾಗಿ ಹರಡಿ, ಪೆನ್ಸಿಲ್ಲಿನಿಂದ ಸುತ್ತಲೂ ಗೆರೆ ಎಳೆದಿಡಿ. ಒದ್ದೆಯಾದ ಹೆಣಿಗೆಗೆ ತನ್ನ ಆಕಾರದ ನೆನಪಿರುವುದಿಲ್ಲ. ತೋಳು ಎಷ್ಟುದ್ದ ಇತ್ತು, ಎದೆ ಎಷ್ಟಗಲ ಇತ್ತು ಎಂಬುದನ್ನು ಒಣಗಿಸುವ ಹೊತ್ತಿಗೆ ಈ ಗೆರೆಯೇ ಹೇಳುತ್ತದೆ.

ಎಷ್ಟು ಸಲ, ಯಾವ ತಿಂಗಳಲ್ಲಿ

ಕ್ಯಾಶ್ಮಿಯರನ್ನು ಒಮ್ಮೆ ತೊಟ್ಟ ಮಾತ್ರಕ್ಕೆ ಒಗೆಯಬೇಕಿಲ್ಲ. ತೊಟ್ಟು ಬಂದ ಮೇಲೆ ರಾತ್ರಿಯಿಡೀ ಕುರ್ಚಿಯ ಬೆನ್ನಿನ ಮೇಲೋ ಹಾಸಿಗೆಯ ಮೇಲೋ ಹರಡಿ ಗಾಳಿಯಾಡಲು ಬಿಟ್ಟರೆ ಬೆವರಿನ ತೇವ ಆರಿ, ಹೋಟೆಲಿನ ಒಗ್ಗರಣೆಯ ವಾಸನೆಯೂ ಬಹುಮಟ್ಟಿಗೆ ಹೋಗುತ್ತದೆ. ಒಳಗೊಂದು ಹತ್ತಿಯ ಅಂಗಿ ತೊಟ್ಟರೆ ಸ್ವೆಟರನ್ನು ನಾಲ್ಕೈದು ಬಾರಿ ಬಳಸಿದ ಮೇಲೆ ಒಗೆದರೂ ನಡೆಯುತ್ತದೆ. ಸೀರೆಯ ಮೇಲೆ ಹೊದೆಯುವ ಶಾಲಿಗೆ ಋತುವಿಗೆ ಒಂದು ಒಗೆತ ಸಾಕು.

ಆದರೆ ಆ ಒಂದು ಒಗೆತ ಫೆಬ್ರವರಿಯಲ್ಲಿ ಆಗಲೇಬೇಕು. ಒಮ್ಮೆ ಮಾತ್ರ ಹೊದ್ದಿದ್ದು, ಕಣ್ಣಿಗೆ ಶುಭ್ರವಾಗಿ ಕಾಣುತ್ತಿದ್ದರೂ ಒಗೆಯದೆ ಎತ್ತಿಡಬೇಡಿ. ಫೆಬ್ರವರಿಯ ಬೆಂಗಳೂರಿನ ಗಾಳಿ ಒಣದಾಗಿರುತ್ತದೆ, ಮಳೆ ಅಪರೂಪ, ಬಿಸಿಲು ಇನ್ನೂ ಏಪ್ರಿಲಿನ ಉರಿಗೆ ಏರಿರುವುದಿಲ್ಲ. ನೆರಳಿನಲ್ಲಿ ಹರಡಿದ ಬಟ್ಟೆ ಹದವಾಗಿ ಒಣಗುತ್ತದೆ. ಯುಗಾದಿಯ ಮುಂಚೆ ಮನೆಯನ್ನೆಲ್ಲ ಕೊಡವಿ ತೊಳೆಯುವ ಗಡಿಬಿಡಿಗೆ ಇದನ್ನು ಸೇರಿಸಬೇಡಿ, ಏಕೆಂದರೆ ಕ್ಯಾಶ್ಮಿಯರಿಗೆ ಬೇಕಾದುದು ಬಿಡುವಿನ ಒಂದು ಬೆಳಗು.

ನೀರು ಮತ್ತು ಸಾಬೂನು

ಬೆಂಗಳೂರಿನಲ್ಲಿ ನೀರಿನ ವಿಚಾರವನ್ನು ಬಿಟ್ಟು ಒಗೆತದ ಮಾತಾಡಲಾಗದು. ಒಂದೇ ಬೀದಿಯ ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಬೋರ್‌ವೆಲ್, ಎದುರಿನ ಅಪಾರ್ಟ್‌ಮೆಂಟಿಗೆ ಟ್ಯಾಂಕರ್. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ ಅದು ಗಡಸು ನೀರು. ಅದರಲ್ಲಿ ಸೋಪು ಬೆರೆತಾಗ ನೊರೆ ಬರುವ ಬದಲು ಬೂದುಬಣ್ಣದ ಅಂಟು ಗಷ್ಟಾಗಿ ಎಳೆಗಳ ನಡುವೆ ಕೂತು, ಒಣಗಿದ ಬಟ್ಟೆ ಒರಟಾಗುತ್ತದೆ. ನಿಮ್ಮ ಬಕೆಟ್ಟಿನ ಒಳಮೈಯಲ್ಲಿ ಬಿಳಿಯ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರೇ. ಅಂಥವರು ಈ ಒಂದು ಒಗೆತಕ್ಕಾಗಿ ಕಾವೇರಿ ನೀರನ್ನೋ, ಹಿಂದಿನ ಮಳೆಯಲ್ಲಿ ಹಿಡಿದಿಟ್ಟ ಶುದ್ಧವಾದ ಮಳೆನೀರನ್ನೋ ಹೊಂದಿಸಿಕೊಳ್ಳಿ. ಒಂದು ಸ್ವೆಟರಿಗೆ ಎಲ್ಲ ಸೇರಿ ಸುಮಾರು 30 ಲೀಟರ್ ಬೇಕಾಗುತ್ತದೆ. ಆರ್‌ಓ ಯಂತ್ರದ ಶುದ್ಧ ನೀರನ್ನು ಕೊನೆಯ ಜಾಲಿಕೆಗೆ ಮಾತ್ರ ಬಳಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಆ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನು ಮಾತ್ರ ಬಳಸಬೇಡಿ. ಲವಣಗಳೆಲ್ಲ ಸೇರಿರುವುದು ಅದರಲ್ಲೇ.

ನೀರು 30 ಡಿಗ್ರಿ ಮೀರಬಾರದು. ನಲ್ಲಿಯ ನೀರು ತಣ್ಣಗೇ ಇರುತ್ತದೆಂದು ಅನೇಕರು ಭಾವಿಸುತ್ತಾರೆ, ಆದರೆ ತಾರಸಿಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ಸಾಕಷ್ಟು ಕಾದಿರುತ್ತದೆ. ಆದ್ದರಿಂದ ಬೆಳಿಗ್ಗೆಯೇ ನೀರು ಹಿಡಿದಿಡಿ. ಒಗೆಯುವ ನೀರು ಮತ್ತು ಜಾಲಿಸುವ ನೀರು ಎರಡನ್ನೂ ಒಟ್ಟಿಗೇ ಹಿಡಿದಿಟ್ಟರೆ ಅವುಗಳ ಉಷ್ಣಾಂಶ ಒಂದೇ ಆಗಿರುತ್ತದೆ, ಅದೂ ಮುಖ್ಯ: ಉಗುರು ಬೆಚ್ಚಗಿನಿಂದ ಒಮ್ಮೆಲೇ ಕೊರೆಯುವ ನೀರಿಗೆ ಹೋದರೆ ಎಳೆ ಮುದುಡುತ್ತದೆ. ಸೋಲಾರ್ ಮತ್ತು ಗೀಸರ್ ನೀರಿನ ಗೊಡವೆಯೇ ಬೇಡ.

ಸಾಬೂನಿನ ಆಯ್ಕೆಯಲ್ಲಿ ರಾಜಿ ಬೇಡ. ಸಾಮಾನ್ಯ ಡಿಟರ್ಜೆಂಟ್ ಪುಡಿ ಮತ್ತು ಬಟ್ಟೆಯ ಸೋಪಿನ ಬಿಲ್ಲೆಗಳು ಕ್ಷಾರೀಯ. ಇನ್ನು ಕಲೆ ತೆಗೆಯುವ ಶಕ್ತಿಯುಳ್ಳವು ಎಂದು ಹೇಳಿಕೊಳ್ಳುವ ಹಲವು ಡಿಟರ್ಜೆಂಟುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿರುತ್ತವೆ. ರಕ್ತದ ಕಲೆ, ಹಾಲಿನ ಕಲೆಗಳನ್ನು ಒಡೆಯುವ ಆ ಕಿಣ್ವಕ್ಕೆ ಕ್ಯಾಶ್ಮಿಯರಿನ ಕೆರಾಟಿನ್ ಕೂಡ ಪ್ರೋಟೀನೇ. ಕ್ಲೋರಿನ್ ಬ್ಲೀಚ್ ಅಂತೂ ಎಳೆಯನ್ನು ಕರಗಿಸಿಯೇಬಿಡುತ್ತದೆ. ಉಣ್ಣೆಗೆಂದೇ ಮಾರುವ, ಕಿರಾಣಿ ಅಂಗಡಿಗಳಲ್ಲಿ ಸಿಗುವ ಈಜಿಯಂತಹ ದ್ರವ ಸಾಬೂನು ಸಾಕು. ಅದಿಲ್ಲದಿದ್ದರೆ ಮಕ್ಕಳ ಶಾಂಪೂ ಆಗುತ್ತದೆ, ಕಂಡಿಷನರ್ ಬೆರೆತದ್ದು ಆಗಿರಬಾರದು ಅಷ್ಟೇ.

ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಗೆ ಬಳಸುತ್ತಿದ್ದ ಅಂಟುವಾಳ ಕಾಯಿ ಇಲ್ಲಿಗೂ ಒಪ್ಪುತ್ತದೆ. ಕಾಶ್ಮೀರದಲ್ಲೂ ಶಾಲು ತೊಳೆಯಲು ಬಳಸುತ್ತಾ ಬಂದದ್ದು ಇದನ್ನೇ, ಅಲ್ಲಿ ಅದಕ್ಕೆ ರೀಠಾ ಎನ್ನುತ್ತಾರೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ನೊರೆಗಟ್ಟಿ ಜಿಡ್ಡು ಬಿಡಿಸುತ್ತದೆ, ಡಿಟರ್ಜೆಂಟ್ ಪುಡಿಯಂತೆ ಕ್ಷಾರೀಯವಲ್ಲ. ಏಳೆಂಟು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅದೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ತಣಿದ ಮೇಲೆ ತೆಳುಬಟ್ಟೆಯಲ್ಲಿ ಎರಡು ಬಾರಿ ಸೋಸಿ. ಇದರ ರಸ ಕಂದುಬಣ್ಣದ್ದಾದ್ದರಿಂದ ಬಿಳಿ ಮತ್ತು ಕೆನೆಬಣ್ಣದ ಉಡುಪಿಗೆ ಬೇಡ. ಗಾಢ ಬಣ್ಣದವಕ್ಕೆ ನಿಸ್ಸಂಕೋಚವಾಗಿ ಬಳಸಬಹುದು. ಸೀಗೆಪುಡಿಯನ್ನು ಮಾತ್ರ ಹಾಕಬೇಡಿ, ಅದರ ಕಣಗಳು ಎಳೆಗಳ ನಡುವೆ ಸಿಕ್ಕಿಕೊಂಡರೆ ಉಜ್ಜದೆ ಹೊರಬರುವುದಿಲ್ಲ.

ಒಗೆಯುವ ಕ್ರಮ

ಬಕೆಟ್ಟಿಗಿಂತ ಅಗಲಬಾಯಿಯ ಟಬ್ಬು ಉತ್ತಮ, ಅದರಲ್ಲಿ ಬಟ್ಟೆ ಮುದ್ದೆಯಾಗದೆ ಹರಡಿಕೊಳ್ಳುತ್ತದೆ. ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಒದ್ದೆ ಹೆಣಿಗೆಯ ಒಂದು ಕುಣಿಕೆ ಉಂಗುರಕ್ಕೆ ಸಿಕ್ಕಿದರೂ ನೂಲು ಎಳೆದುಬರುತ್ತದೆ. ಟಬ್ಬಿಗೆ ಏಳೆಂಟು ಲೀಟರ್ ನೀರು ಹಾಕಿ, ಬಾಟಲಿಯ ಮೇಲೆ ಹೇಳಿದ ಪ್ರಮಾಣವನ್ನು ಮೀರದಂತೆ ಸಾಬೂನು ಬೆರೆಸಿ, ಕೈಯಾಡಿಸಿ ಪೂರ್ತಿ ಕರಗಿದ ಮೇಲಷ್ಟೇ ಬಟ್ಟೆಯನ್ನು ಇಳಿಸಿ. ಬಟ್ಟೆಯ ಮೇಲೆ ಸಾಬೂನನ್ನಾಗಲಿ ನಲ್ಲಿಯ ಧಾರೆಯನ್ನಾಗಲಿ ನೇರವಾಗಿ ಬಿಡಬಾರದು.

ಸ್ವೆಟರನ್ನು ಒಳಮಗ್ಗುಲು ಹೊರಗೆ ಮಾಡಿ, ಗುಂಡಿಗಳಿದ್ದರೆ ಹಾಕಿ, ನೀರಿನೊಳಗೆ ಅಂಗೈಯಿಂದ ನಿಧಾನವಾಗಿ ಒತ್ತಿ ಮುಳುಗಿಸಿ. ಎಳೆಗಳ ನಡುವಿನ ಗಾಳಿ ಗುಳ್ಳೆಗಳಾಗಿ ಹೊರಬಂದು ಬಟ್ಟೆ ತಾನಾಗಿ ತಳಕ್ಕೆ ಕೂರುವವರೆಗೆ ಕಾಯಬೇಕು. ಹತ್ತು ನಿಮಿಷ ಹಾಗೇ ಬಿಡಿ. ಅನಂತರ ಅಂಗೈಯನ್ನು ಚಪ್ಪಟೆಯಾಗಿಟ್ಟು ಮೆಲ್ಲಗೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು, ಇಷ್ಟೇ ಕೆಲಸ. ಒತ್ತಿದಾಗ ಎಳೆಗಳ ನಡುವಿನ ನೀರು ಕೊಳೆಯೊಂದಿಗೆ ಹೊರಹೋಗುತ್ತದೆ, ಬಿಟ್ಟಾಗ ಸಾಬೂನಿನ ನೀರು ಒಳಬರುತ್ತದೆ. ಬ್ರಷ್ಷು, ಒಗೆಯುವ ಕಲ್ಲು, ಒಂದು ಭಾಗವನ್ನು ಇನ್ನೊಂದು ಭಾಗಕ್ಕೆ ಉಜ್ಜುವ ರೂಢಿ, ಇವೆಲ್ಲ ಇಲ್ಲಿ ನಿಷಿದ್ಧ. ಕೊರಳಪಟ್ಟಿ, ಕಂಕುಳು ಮತ್ತು ಮುಂಗೈಯ ಅಂಚಿಗೆ ಇನ್ನಷ್ಟು ಬಾರಿ ಒತ್ತಿದರೆ ಸಾಕು. ಮನೆಗೆಲಸಕ್ಕೆ ಬರುವವರು ಎಷ್ಟೇ ಅನುಭವಸ್ಥರಿರಲಿ, ಬಟ್ಟೆ ಕುಕ್ಕಿ ಒಗೆಯುವುದು ಕೈಗೆ ಅಂಟಿದ ಅಭ್ಯಾಸವಾದ್ದರಿಂದ ಇದೊಂದನ್ನು ಮನೆಯವರೇ ಒಗೆಯುವುದು ಕ್ಷೇಮ.

ನೀರಿನಿಂದ ಎತ್ತುವಾಗ ಭುಜ ಹಿಡಿದು ಎಳೆಯಬೇಡಿ. ನೀರು ಹೀರಿದ ಹೆಣಿಗೆ ತನ್ನ ಭಾರಕ್ಕೆ ತಾನೇ ಜೋತುಬಿದ್ದು ಉದ್ದವಾಗುತ್ತದೆ. ಎರಡೂ ಕೈಗಳನ್ನು ಅಡಿಗೆ ಕೊಟ್ಟು, ಮಗುವನ್ನು ಎತ್ತುವಷ್ಟೇ ಜೋಪಾನವಾಗಿ, ಇಡಿಯಾಗಿ ಎತ್ತಿ ಟಬ್ಬಿನ ಅಂಚಿಗೆ ಒತ್ತಿ ನೀರಿಳಿಸಿ. ಕೊಳೆನೀರು ಚೆಲ್ಲಿ, ಹೊಸ ನೀರು ತುಂಬಿ, ಬಟ್ಟೆಯನ್ನು ಮತ್ತೆ ಇಳಿಸಿ ಒತ್ತಿ. ನೀರಿನಲ್ಲಿ ನೊರೆ ಕಾಣದಂತಾಗುವವರೆಗೆ, ಸಾಮಾನ್ಯವಾಗಿ ಮೂರು ಬಾರಿ, ಹೀಗೆ ಜಾಲಿಸಬೇಕು. ಎತ್ತಿಡುವ ಬಟ್ಟೆಯಲ್ಲಿ ಉಳಿದ ಸಾಬೂನು ತಿಂಗಳುಗಟ್ಟಲೆ ಎಳೆಯ ಮೇಲೆಯೇ ಕೂತು ಅದನ್ನು ಸೊರಗಿಸುತ್ತದೆ. ಕೊನೆಯ ನೀರಿಗೆ ಐದು ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಿಳಿಯ ವಿನೆಗರ್ ಬೆರೆಸಿದರೆ ಉಳಿದ ಕ್ಷಾರ ತಟಸ್ಥವಾಗಿ, ಮೇಲೆದ್ದ ಹಲ್ಲೆಗಳು ಮತ್ತೆ ಅಡಗಿ, ಬಟ್ಟೆಗೆ ಹೊಳಪು ಬರುತ್ತದೆ. ಗಡಸು ನೀರಿನವರಿಗೆ ಇದು ಇನ್ನೂ ಹೆಚ್ಚು ಅಗತ್ಯ. ವಿನೆಗರಿನ ವಾಸನೆ ಒಣಗಿದ ಮೇಲೆ ಉಳಿಯುವುದಿಲ್ಲ.

ವಾಷಿಂಗ್ ಮೆಷಿನ್ ಬಗ್ಗೆ ಎರಡು ಮಾತು. ಮೇಲಿನಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿ ತಳದ ಚಕ್ರ ಬಟ್ಟೆಯನ್ನು ತಿರುಚುವುದರಿಂದ ಅವು ಕ್ಯಾಶ್ಮಿಯರಿಗೆ ತಕ್ಕುದಲ್ಲ. ಮುಂಬಾಗಿಲಿನ ಯಂತ್ರದಲ್ಲಿ ಉಣ್ಣೆಗೆಂದು ಪ್ರತ್ಯೇಕ ಕ್ರಮವಿದ್ದು, ಲೇಬಲ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ, ಜಾಲರಿ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಒಗೆಯಬಹುದು. ಡ್ರೈಯರ್ ಯಾವ ಕಾರಣಕ್ಕೂ ಬೇಡ.

ಹಿಂಡದೆ ಒಣಗಿಸುವುದು

ಒಗೆಯುವಾಗ ಉಳಿದುಕೊಂಡ ಬಟ್ಟೆ ಒಣಗಿಸುವಾಗ ಹಾಳಾಗುವುದೇ ಹೆಚ್ಚು. ದಪ್ಪನೆಯ ಟವೆಲ್ಲೊಂದನ್ನು ಹಾಸಿ, ಅದರ ಮೇಲೆ ಬಟ್ಟೆಯನ್ನು ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದಂತೆ ಸುತ್ತಿ, ಮೇಲಿನಿಂದ ಅಂಗೈಯಲ್ಲಿ ಒತ್ತಿ. ಸುರುಳಿಯನ್ನು ತಿರುಚಬಾರದು. ಬೇಕಾದರೆ ಇನ್ನೊಂದು ಒಣ ಟವೆಲ್ಲಿನಲ್ಲಿ ಮತ್ತೊಮ್ಮೆ ಸುತ್ತಿ.

ಈಗ ಮೊದಲೇ ಗೆರೆ ಎಳೆದಿಟ್ಟ ಹಾಳೆಯನ್ನು ಪಕ್ಕದಲ್ಲಿಟ್ಟು ಅಳತೆ ನೋಡಿಕೊಳ್ಳುತ್ತಾ, ಜಾಲರಿಯ ಸ್ಟ್ಯಾಂಡಿನ ಮೇಲೋ, ಪ್ಲಾಸ್ಟಿಕ್ ಪಟ್ಟಿ ಹೆಣೆದ ಮಂಚದ ಮೇಲೋ ಬಿಳಿಯ ಪಂಚೆ ಹಾಸಿ ಸ್ವೆಟರನ್ನು ಮಲಗಿಸಿ. ತೋಳುಗಳನ್ನು ನೇರ ಮಾಡಿ, ಅಂಚುಗಳನ್ನು ಮೆತ್ತಗೆ ಕೂಡಿಸಿ, ಕುಗ್ಗಿದ ಕಡೆ ಬೆರಳಿನಿಂದ ತುಸು ಹಿಗ್ಗಿಸಿ. ತಂತಿಯ ಮೇಲೆ ನೇತುಹಾಕಿದರೆ ಮಧ್ಯದಲ್ಲಿ ಗೆರೆ ಬೀಳುತ್ತದೆ, ಹ್ಯಾಂಗರಿಗೆ ಹಾಕಿದರೆ ಭುಜದಲ್ಲಿ ಕೊಂಬು ಮೂಡುತ್ತದೆ, ಕ್ಲಿಪ್ ಹಾಕಿದರೆ ಆ ಗುರುತು ಹೋಗುವುದಿಲ್ಲ. ನೇರ ಬಿಸಿಲಿನಲ್ಲಿ ಬಣ್ಣ ಮಾಸುವುದಲ್ಲದೆ ಎಳೆಯೂ ಪೆಡಸಾಗುತ್ತದೆ. ಬಾಲ್ಕನಿಯ ನೆರಳು, ಅಥವಾ ಕಿಟಕಿ ತೆರೆದು ಫ್ಯಾನ್ ಹಾಕಿದ ಕೋಣೆ ತಕ್ಕ ಸ್ಥಳ. ಬಾಲ್ಕನಿಯಾದರೆ ಪಾರಿವಾಳಗಳ ಕಾಟವಿರುವುದರಿಂದ ಮೇಲೊಂದು ತೆಳುಬಟ್ಟೆ ಹೊದಿಸಿ. ಅರ್ಧ ದಿನದ ಮೇಲೆ ಮಗ್ಗುಲು ಬದಲಿಸಿ, ಕೆಳಗಿನ ಪಂಚೆಯನ್ನೂ ಬದಲಿಸಿ.

ಇಲ್ಲೊಂದು ಸೂಕ್ಷ್ಮವಿದೆ. ಉಣ್ಣೆಯ ಜಾತಿಯ ಎಳೆಗಳು ತಮ್ಮ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಒಳಗೆ ಹೀರಿಕೊಂಡೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಹೀಗಾಗಿ ಮುಟ್ಟಿದಾಗ ಒಣಗಿದೆ ಅನ್ನಿಸಿದ ಬಟ್ಟೆಯನ್ನು ಕೂಡಲೇ ಮಡಿಸಿ ಬೀರುವಿಗೆ ಸೇರಿಸಿದರೆ ಒಳಗೆ ಬೂಷ್ಟು ಹಿಡಿಯಲು ನಾವೇ ಅನುವು ಮಾಡಿಕೊಟ್ಟಂತೆ. ಒಣಗಿತು ಅನ್ನಿಸಿದ ಮೇಲೂ ಒಂದು ಪೂರ್ತಿ ದಿನ ಗಾಳಿಯಲ್ಲಿ ಬಿಡಿ. ಮಳೆಗಾಲದಲ್ಲಿ ಅನಿವಾರ್ಯವಾಗಿ ಒಗೆಯಬೇಕಾಗಿ ಬಂದರೆ ಇದನ್ನು ಎರಡು ಮೂರು ದಿನಕ್ಕೆ ಏರಿಸಿ.

ಕಲೆಗಳು

ಕಲೆ ಬಿದ್ದ ಕೂಡಲೇ ಒಣ ಹತ್ತಿಬಟ್ಟೆಯಿಂದ ಒತ್ತಿ ಹೀರಿಸುವುದು ಮೊದಲ ಕೆಲಸ, ಒರೆಸಿದರೆ ಹರಡುತ್ತದೆ. ಫಿಲ್ಟರ್ ಕಾಫಿ ಚೆಲ್ಲಿದರೆ ತಣ್ಣೀರು ಅದ್ದಿದ ಬಟ್ಟೆಯಿಂದ ಹೊರ ಅಂಚಿನಿಂದ ಒಳಕ್ಕೆ ಒತ್ತುತ್ತ ಬನ್ನಿ. ಬಿಸಿನೀರು ತಾಗಿಸಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಕಲೆ ಕಚ್ಚಿಕೊಳ್ಳುತ್ತದೆ. ತುಪ್ಪ, ಎಣ್ಣೆಯ ಕಲೆಗೆ ಕಾರ್ನ್‌ಫ್ಲೋರ್ ದಪ್ಪಗೆ ಉದುರಿಸಿ, ಕೆಲವು ಗಂಟೆ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ತಟ್ಟಿ ತೆಗೆದು, ಆಮೇಲೆ ಒಗೆಯಿರಿ.

ನಮ್ಮ ಮದುವೆಮನೆಗಳಲ್ಲಿ ಶಾಲಿಗೆ ಅಂಟುವ ಕಲೆಗಳಲ್ಲಿ ಅರಿಸಿನವೇ ಕಠಿಣ. ಸಾರು ಬಿದ್ದರೂ, ಅರಿಸಿನ-ಕುಂಕುಮದ ಕೈ ತಾಗಿದರೂ ಹಳದಿ ಕಲೆ ನಿಲ್ಲುತ್ತದೆ. ಇದಕ್ಕೆ ಬಟ್ಟೆಯ ಸೋಪು ಹಚ್ಚಿದರೆ ಕಲೆ ಕೆಂಪಾಗುತ್ತದೆ: ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವಾಗ ನಡೆಯುವ ಕ್ರಿಯೆಯೇ ಇಲ್ಲೂ ನಡೆಯುವುದು. ಗಾಬರಿಯಾಗಿ ಉಜ್ಜಬೇಡಿ, ವಿನೆಗರ್ ಬೆರೆಸಿದ ನೀರು ತಾಗಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಉಣ್ಣೆಯ ದ್ರವ ಸಾಬೂನಿನಲ್ಲಿ ಒಗೆದ ಮೇಲೂ ಉಳಿಯುವ ಹಳದಿಗೆ ಬೆಳಕೇ ಮದ್ದು, ಏಕೆಂದರೆ ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ಬಿಸಿಲಿಗೆ ತಾನಾಗಿ ಒಡೆಯುತ್ತದೆ. ತಿಳಿಬಣ್ಣದ ಶಾಲಾದರೆ ಕಲೆಯ ಭಾಗವೊಂದನ್ನು ಮಾತ್ರ ಬಿಟ್ಟು ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿ, ಎಳೆಬಿಸಿಲಿಗೆ ಅರ್ಧ ಗಂಟೆಯಂತೆ ಕೆಲವು ದಿನ ಹಿಡಿಯಿರಿ. ಗಾಢ ಬಣ್ಣದ ಶಾಲಿಗೆ ಈ ಉಪಾಯ ಬೇಡ, ಅರಿಸಿನದೊಂದಿಗೆ ಶಾಲಿನ ಬಣ್ಣವೂ ಹೋದೀತು.

ಇಸ್ತ್ರಿ ಮತ್ತು ಜುಂಗಿನ ಉಂಡೆಗಳು

ಚಪ್ಪಟೆಯಾಗಿ ಒಣಗಿಸಿದ ಸ್ವೆಟರಿಗೆ ಇಸ್ತ್ರಿಯ ಅಗತ್ಯ ಬೀಳುವುದಿಲ್ಲ. ಶಾಲಿಗೆ ಬೇಕಾದರೆ ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯನ್ನು ಮೇಲೆ ಹಾಸಿ, ಉಣ್ಣೆಯ ಹಂತದ ಉಷ್ಣಾಂಶದಲ್ಲಿ, ಪೆಟ್ಟಿಗೆಯ ಭಾರ ಬಿಡದೆ ಆವಿ ತಾಗಿಸಿದಂತೆ ಮಾಡಿ. ಬೀದಿಯ ಮೂಲೆಯ ಇಸ್ತ್ರಿ ಗಾಡಿಗೆ ಕೊಡಬೇಡಿ. ಅವರ ಕೈಚಳಕದಲ್ಲಿ ಕೊರತೆಯಿಲ್ಲ, ಆದರೆ ಕೆಂಡದ ಪೆಟ್ಟಿಗೆಯ ಬಿಸಿಯನ್ನು ಬೇಕಾದಷ್ಟಕ್ಕೇ ನಿಲ್ಲಿಸಲಾಗದು.

ಬಗಲಿನ ಚೀಲ ತಾಗುವ ಪಕ್ಕೆ, ಮೇಜಿಗೆ ಊರುವ ಮುಂಗೈ, ಬೈಕಿನಲ್ಲಿ ಬೆನ್ನಚೀಲದ ಪಟ್ಟಿ ಉಜ್ಜುವ ಭುಜ, ಇಲ್ಲೆಲ್ಲ ಪುಟ್ಟ ಉಂಡೆಗಳು ಏಳುತ್ತವೆ. ಗಿಡ್ಡ ಎಳೆಗಳು ಹೊರಬಂದು ಸುತ್ತಿಕೊಳ್ಳುವುದರಿಂದ ಆಗುವ ಇದು ದೋಷವಲ್ಲ, ಹೊಸ ಉಡುಪಿನಲ್ಲಿ ಹೆಚ್ಚು, ಬರಬರುತ್ತ ಕಡಿಮೆ. ಬೆರಳಿನಿಂದ ಕಿತ್ತರೆ ಒಳಗಿನ ಎಳೆಯೂ ಎಳೆದುಬಂದು ಇನ್ನೊಂದು ಉಂಡೆಗೆ ದಾರಿಯಾಗುತ್ತದೆ. ಬಟ್ಟೆಯನ್ನು ಬಿಗಿಯಾಗಿ ಹರಡಿ, ಕ್ಯಾಶ್ಮಿಯರ್ ಬಾಚಣಿಗೆಯಿಂದ ಒಂದೇ ದಿಕ್ಕಿಗೆ ಹಗುರವಾಗಿ ಬಾಚಿ.

ಹತ್ತು ತಿಂಗಳ ವಾಸ

ಒಗೆದ ಮೇಲಿನ ಈ ಭಾಗಕ್ಕೆ ನಮ್ಮೂರಿನಲ್ಲಿ ಹೆಚ್ಚು ಗಮನ ಬೇಕು. ಹೆಣಿಗೆಯ ಉಡುಪನ್ನು ಯಾವತ್ತೂ ತೂಗುಹಾಕಬಾರದು, ಮಡಿಸಿಯೇ ಇಡಬೇಕು. ರೇಷ್ಮೆ ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸುವ ರೂಢಿ ನಮ್ಮ ಮನೆಗಳಲ್ಲಿದೆಯಲ್ಲ, ಅದನ್ನೇ ಇಲ್ಲೂ ಪಾಲಿಸಿ. ಹಲವು ಬಾರಿ ಒಗೆದು ಮೆತ್ತಗಾದ, ಗಂಜಿಯಿಲ್ಲದ ಹತ್ತಿಬಟ್ಟೆ ಅತ್ಯುತ್ತಮ ಹೊದಿಕೆ. ಹೊರಗೋಡೆಗೆ ಅಂಟಿಕೊಂಡ ಗೋಡೆಬೀರು ಮಳೆಗಾಲದಲ್ಲಿ ತೇವ ಎಳೆಯುತ್ತದೆ. ಕೈಯಿಟ್ಟರೆ ಗೋಡೆ ತಣ್ಣಗೆ ಜಿನುಗುತ್ತಿದ್ದರೆ ಅಲ್ಲಿ ಬೇಡ, ಮನೆಯ ನಡುಗೋಡೆಯ ಕಡೆಯಿರುವ ಬೀರುವಿನ ಮೇಲಿನ ಅಂತಸ್ತಿನಲ್ಲಿಡಿ.

ಹುಳುವಿನ ವಿಚಾರಕ್ಕೆ ಬಂದರೆ, ಬಟ್ಟೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಕೆರಾಟಿನನ್ನು ಅರಗಿಸಿಕೊಳ್ಳಬಲ್ಲ ಕೆಲವೇ ಜೀವಿಗಳಲ್ಲಿ ಅದೂ ಒಂದು. ಬಚ್ಚಲು, ಬೀರುಗಳ ಗೋಡೆಯ ಮೇಲೆ ಬೂದುಬಣ್ಣದ, ಸೌತೆಬೀಜದ ಆಕಾರದ ಚಪ್ಪಟೆ ಗೂಡನ್ನು ಹೊತ್ತು ತೆವಳುವ ಹುಳುವನ್ನು ನೀವು ಕಂಡಿರುತ್ತೀರಿ. ಅದೂ ಈ ಬಳಗದ್ದೇ. ಜೇಡರ ಬಲೆ, ಉದುರಿದ ಕೂದಲು, ಉಣ್ಣೆ ಎಲ್ಲವೂ ಅದಕ್ಕೆ ಆಹಾರ. ಆದ್ದರಿಂದ ಬೀರುವಿನ ಮೂಲೆಗಳಲ್ಲಿ ಧೂಳು, ಕೂದಲು ನಿಲ್ಲದಂತೆ ಗುಡಿಸುವುದೇ ಮೊದಲ ರಕ್ಷಣೆ. ಬೇವಿನ ಸೊಪ್ಪು, ಲಾವಂಚದ ಬೇರುಗಳ ಪರಿಮಳ ಪತಂಗವನ್ನು ಸ್ವಲ್ಪ ದೂರವಿಟ್ಟೀತು, ಒಳಸೇರಿದ ಹುಳುವನ್ನು ಕೊಲ್ಲದು. ನುಸಿಗುಳಿಗೆಯನ್ನು ಬಳಸುವವರು ಅದು ಬಟ್ಟೆಗೆ ತಾಗದಂತೆ ಬೇರೆ ಚೀಲದಲ್ಲಿಡಬೇಕು. ಹಸುಗೂಸಿರುವ ಮನೆಯಲ್ಲಿ ಅದನ್ನು ಬಳಸಲೇಬಾರದು, ಏಕೆಂದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಹುಳು ಬಿದ್ದಿರುವ ಸಂಶಯವಿದ್ದರೆ ಫ್ರೀಜರ್ ನಂಬಲರ್ಹ ಉಪಾಯ. ಪೂರ್ತಿ ಒಣಗಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ, ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ, ಇಲ್ಲವಾದರೆ ಹೊರಗಿನ ತೇವ ತಣ್ಣಗಿನ ಬಟ್ಟೆಯ ಮೇಲೆ ಹನಿಗಟ್ಟುತ್ತದೆ.

ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಮಳೆ ಬಿಡುವು ಕೊಟ್ಟ ಒಂದೊಂದು ದಿನ ಉಡುಪನ್ನು ಹೊರತೆಗೆದು, ಕೊಡವಿ, ಕೊರಳು ಮತ್ತು ಹೊಲಿಗೆಗಳ ಒಳಗೆ ನೋಡಿ, ಗಾಳಿಯಾಡಿಸಿ, ಮಡಿಕೆಯ ಗೆರೆ ಬೇರೆ ಕಡೆ ಬರುವಂತೆ ಮಡಿಸಿಡಿ. ಬೂಷ್ಟು ಕಂಡರೆ ಮನೆಯ ಹೊರಗೆ ಮೆತ್ತಗೆ ಬ್ರಷ್ ಮಾಡಿ, ಮೇಲೆ ಹೇಳಿದ ಕ್ರಮದಲ್ಲಿ ಒಗೆಯಿರಿ. ತೂತು ಕಂಡರೆ ಅದನ್ನು ಎಳೆದು ನೋಡಬೇಡಿ. ಹೆಣಿಗೆಯ ತೂತು ಹರಿಯುತ್ತಾ ಹೋಗುವುದರಿಂದ ಸುತ್ತಲಿನ ಸಡಿಲ ಕುಣಿಕೆಗಳಿಗೆ ತಾತ್ಕಾಲಿಕವಾಗಿ ಹತ್ತಿಯ ದಾರ ಪೋಣಿಸಿ ನಿಲ್ಲಿಸಿ, ರಫು ಮಾಡುವವರ ಬಳಿಗೆ ಒಯ್ಯಿರಿ. ಕೊಳ್ಳುವಾಗ ಗುಂಡಿಯ ಜೊತೆ ಪುಟ್ಟ ಚೀಲದಲ್ಲಿ ಕೊಟ್ಟಿದ್ದ ನೂಲಿನ ತುಂಡು ಉಳಿದಿದ್ದರೆ ಅದನ್ನೂ ಕೊಡಿ; ಇಲ್ಲದಿದ್ದರೆ ಒಳಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ಬಿಡಿಸಿ ಅದೇ ಬಣ್ಣದಲ್ಲಿ ರಫು ಮಾಡಲು ಕೇಳಿ. ತೂತಿನ ಬಟ್ಟೆಯನ್ನು ಒಗೆಯುವುದು ರಫು ಮುಗಿದ ಮೇಲೆಯೇ.